ನಿಮಗಿದು ಗೊತ್ತೆ? ಮುರಕಲ್ಲಿನ ಪುಟ್ಟ ಕಪ್ಪೆ
ಮಳೆ ಹಿಡಿದ ಸಂಜೆ ಮಣಿಪಾಲದ ಮುರಕಲ್ಲು ಪಾದೆಯಲ್ಲಿ (ಕಲ್ಲುಹಾಸಿನ ಬಯಲಿನಲ್ಲಿ) ಜೀರುಂಡೆ ಕೂಗಿದಂತೆ ಕೇಳಿಸಿದರೆ ಒಂದು ಕ್ಷಣ ನಿಲ್ಲಿ. ಅದು ಕಪ್ಪೆಯಿರಬಹುದು! ಉದ್ದ ಬರೀ 1.6 ಸೆಂ.ಮೀ., ಹೆಬ್ಬೆರಳಿನ ಉಗುರಿನಷ್ಟು. ತಿಳಿಗಂದು ಮೈ, ಬೆನ್ನಿನ ಮೇಲೆ, ಕೈಕಾಲುಗಳಲ್ಲಿ ಎದ್ದು ಕಾಣುವ ಕಪ್ಪು ಗುರುತು.

ಊರ ಮಧ್ಯೆಯೇ ಇದ್ದರೂ ವಿಜ್ಞಾನ ಲೋಕಕ್ಕೆ ಇದರ ಪರಿಚಯವಾದದ್ದು 2016ರಲ್ಲಿ. ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎನ್ನುತ್ತಾರಲ್ಲ, ಆ ನೆಲೆಯ ಹೆಸರನ್ನೇ ಇಟ್ಟು ‘ಮೈಕ್ರೊಹೈಲಾ ಲ್ಯಾಟರೈಟ್’ ಎಂದು ಕರೆದರು. ಅಂದಿನ ಸಂಶೋಧಕರ ಅಂದಾಜಿನಂತೆ ಇದರ ವ್ಯಾಪ್ತಿ ಸುಮಾರು 150 ಚದರ ಕಿ.ಮೀ. ಮಾತ್ರ. ನಮ್ಮ ಪಾದೆಗಳೇ ಇದರ ಮನೆ. ಸರ್ಕಾರಿ ಲೆಕ್ಕದಲ್ಲಿ ಮಾತ್ರ ಇಂಥ ನೆಲ ‘ಪಾಳುಭೂಮಿ’. ಕಲ್ಲಿನ ಕೋರೆ, ಕಟ್ಟಡ, ಕಸದ ರಾಶಿ ಎಲ್ಲವೂ ಬರುವುದು ಅಲ್ಲಿಗೇ.