ಹೊಳೆಯಿಲ್ಲದ ಊರಿಗೂ ಬಂದ ಗಾಳ

ಮುನಿರಾಬಾದಿನ ಬಳಿ ತುಂಗಭದ್ರೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನು ನೀರಿಗಿಳಿದು ಮೀನಿನ ಬೆನ್ನಟ್ಟುವುದಿಲ್ಲ. ಎರೆಯನ್ನು ಸಿಕ್ಕಿಸಿ ಸುಮ್ಮನೆ ಕಾಯುತ್ತಾನೆ. ಮೀನು ತಾನಾಗಿಯೇ ಬಂದು ಕಚ್ಚುತ್ತದೆ. ಇದೇ ವಿದ್ಯೆಗೆ ಇಂಟರ್‌ನೆಟ್ಟಿನ ಲೋಕದಲ್ಲಿ ‘ಫಿಶಿಂಗ್’ ಎಂದು ಹೆಸರು. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕ ಆನ್‌ಲೈನ್ ಸಂಸ್ಥೆಯ ನೌಕರರ ಸೋಗು ಹಾಕಿದ ಕೆಲವರು ಗ್ರಾಹಕರಿಂದಲೇ ಅವರ ಪಾಸ್‌ವರ್ಡ್ ಕೇಳಿ ಪಡೆಯುತ್ತಿದ್ದರು. ಆ ಹೆಸರು ಬಳಕೆಗೆ ಬಂದದ್ದು ಆಗಲೇ. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಸೀಮೆಗೆ ತುಂಗಭದ್ರೆ ದೂರ. ಆದರೆ ಈ ಗಾಳಕ್ಕೆ ಹೊಳೆ ಬೇಕಿಲ್ಲ. ಮನೆಯಲ್ಲೊಂದು ಮೊಬೈಲು ಇದ್ದರೆ ಸಾಕು.

ಕೊಪ್ಪಳದ ಸಮೀಪದ ಕಿನ್ನಾಳ ಮರದ ಬೊಂಬೆಗಳಿಗೆ ಹೆಸರಾದ ಊರು. ಆ ಬೊಂಬೆಯನ್ನು ಕದಿಯಬೇಕಾದರೆ ಕಳ್ಳನು ಮನೆಯೊಳಗೆ ಕಾಲಿಡಲೇಬೇಕು. ಇಂದಿನ ಹುಡುಗರ ಆಟಿಕೆಯಾದರೋ ದೂರದ ಯಾವುದೋ ಯಂತ್ರದಲ್ಲಿದೆ. 2021ರಲ್ಲಿ ಭಾರತಕ್ಕೆಂದೇ ಬಂದ ಬಿಜಿಎಂಐಯಂತಹ ಆಟಗಳಲ್ಲಿ ತಿಂಗಳುಗಟ್ಟಲೆ ಆಡಿ ಗಳಿಸಿದ ದರ್ಜೆ, ಹಣ ಕೊಟ್ಟು ಕೊಂಡ ವೇಷಭೂಷಣ, ಎಲ್ಲವೂ ಒಂದು ಖಾತೆಯಲ್ಲಿ ಅಡಗಿವೆ. ಆಟವೆಂದು ಹಿರಿಯರು ನಕ್ಕುಬಿಡಬಹುದು, ಕಳ್ಳನು ನಗುವುದಿಲ್ಲ. ಅವನ ಪಾಲಿಗೆ ಅದು ಮಾರಾಟದ ಸರಕು.

ಗಂಗಾವತಿಯ ಭತ್ತದ ವ್ಯಾಪಾರಿಯೊಬ್ಬರ ಮನೆಯನ್ನು ಊಹಿಸಿಕೊಳ್ಳೋಣ. ಒಂಬತ್ತನೆಯ ತರಗತಿಯ ಮಗ ತಂದೆಯ ಮೊಬೈಲಿನಲ್ಲಿ ಆಡುತ್ತಿದ್ದಾನೆ. ಒಂದು ಸಂಜೆ ಇ-ಮೇಲ್ ಬರುತ್ತದೆ: ‘ನಿಮ್ಮ ಖಾತೆಯಲ್ಲಿ ಅಕ್ರಮ ಕಂಡುಬಂದಿದೆ. 24 ಗಂಟೆಗಳೊಳಗೆ ದೃಢಪಡಿಸದಿದ್ದರೆ ರದ್ದಾಗುವುದು.’ ಹುಡುಗನ ಎದೆ ಡವಗುಟ್ಟುತ್ತದೆ. ಕೆಳಗಿನ ಕೊಂಡಿಯನ್ನು ಒತ್ತುತ್ತಾನೆ. ಆಟದ ಪುಟದಂತೆಯೇ ಒಂದು ಪುಟ. ಅದೇ ಬಣ್ಣ, ಅದೇ ಚಿತ್ರ. ಪಾಸ್‌ವರ್ಡ್ ಬರೆಯುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಖಾತೆ ಪರರ ಪಾಲು.

“ಯಾಕೋ ತಮ್ಮಾ, ಉಣ್ಣಲಿಲ್ಲ?” ಎಂದು ತಾಯಿ ಕೇಳುತ್ತಾಳೆ.

“ಹಸಿವಿಲ್ಲವ್ವಾ.”

ತಂದೆಯ ಬೈಗುಳಕ್ಕೆ ಅಂಜಿ ಹುಡುಗನು ಬಾಯಿ ಬಿಡುವುದಿಲ್ಲ. ತಂದೆಯ ಇ-ಮೇಲಿಗೂ ಅದೇ ಪಾಸ್‌ವರ್ಡ್ ಇದ್ದರೆ ಗತಿಯೇನು? ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಪತ್ರಗಳು ಬರುವುದು ಇ-ಮೇಲಿಗೇ; ಅದು ಕೈಬಿಟ್ಟರೆ ಬೀಗದ ಕೈಗಳ ಗೊಂಚಲೇ ಕೈಬಿಟ್ಟಂತೆ. ಇಡೀ ರಾತ್ರಿ ಕಳ್ಳನದಾಗುತ್ತದೆ.

ಈ ಗಾಳಕ್ಕೆ ಸಿಕ್ಕಿಸುವ ಎರೆ ಎರಡೇ ಬಗೆಯದು: ಆಸೆ ಮತ್ತು ಅವಸರ. ಉಚಿತ ಬಹುಮಾನವೆಂದು ಒಂದು ಕರೆಯುತ್ತದೆ, ಖಾತೆ ಹೋಯಿತೆಂದು ಇನ್ನೊಂದು ಹೆದರಿಸುತ್ತದೆ. ಕಳುಹಿಸಿದವರ ಹೆಸರನ್ನು ನಂಬುವಂತಿಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನು ಯಾರು ಬೇಕಾದರೂ ಬರೆಯಬಹುದಷ್ಟೆ. ಕೊಂಡಿಯ ವಿಳಾಸದಲ್ಲಿ ಮೊದಲಿಗೆ ಆಟದ ಹೆಸರಿದ್ದರೆ ಸಾಲದು. ಇಂಗ್ಲಿಷಿನ ‘ಆರ್’, ‘ಎನ್’ ಅಕ್ಷರಗಳನ್ನು ಒತ್ತಾಗಿಟ್ಟು ‘ಎಂ’ ಎಂದು ಭ್ರಮೆ ಹುಟ್ಟಿಸುವ, ‘ಓ’ ಬದಲು ಸೊನ್ನೆಯನ್ನಿಡುವ ಚಮತ್ಕಾರಗಳೂ ಉಂಟು. ಆದುದರಿಂದ ಪರೀಕ್ಷೆಗೆ ತೊಡಗುವುದಕ್ಕಿಂತ ಪತ್ರದ ಕೊಂಡಿಯನ್ನು ಮುಟ್ಟದಿರುವುದೇ ಮೇಲು. ಸಂಶಯವಿದ್ದರೆ ಆಟವನ್ನು ಎಂದಿನಂತೆ ತಾನೇ ತೆರೆದು ನೋಡಬೇಕು. ನಿಜವಾದ ಸೂಚನೆಯಿದ್ದರೆ ಅಲ್ಲಿಯೂ ಸಾಮಾನ್ಯವಾಗಿ ಕಾಣಿಸುತ್ತದೆ.

ಖಾತೆಗೊಂದು ಬೇರೆ ಪಾಸ್‌ವರ್ಡ್ ಇರಬೇಕು. ಪಾಸ್‌ವರ್ಡಿನ ಜೊತೆಗೆ ಮತ್ತೊಂದು ಸಂಕೇತವನ್ನೂ ಕೇಳುವ ಎರಡು ಹಂತದ ಪರಿಶೀಲನೆ ಇನ್ನೊಂದು ಅಗುಳಿ. ಆದರೆ ಮೊಬೈಲಿಗೆ ಬಂದ ಓಟಿಪಿಯನ್ನೂ ಸುಳ್ಳು ಪುಟದಲ್ಲಿ ಬರೆದುಬಿಟ್ಟರೆ ಆ ಅಗುಳಿಯನ್ನು ಕೈಯಾರೆ ತೆಗೆದಂತಾಯಿತು.

ಮೋಸ ಆಗಿಹೋದರೆ? ಮೊದಲು ಇ-ಮೇಲಿನ, ಬಳಿಕ ಆಟದ ಪಾಸ್‌ವರ್ಡ್ ಬದಲಿಸಿ, ಬೇರೆ ಸಾಧನಗಳಲ್ಲಿ ತೆರೆದಿರುವ ಖಾತೆಯನ್ನು ಮುಚ್ಚಿಸಬೇಕು. ಆಟದ ಸಂಸ್ಥೆಗೆ ಅದರದೇ ಸಹಾಯ ವಿಭಾಗದ ಮೂಲಕ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ಕರೆಮಾಡಬೇಕು. ಜಿಲ್ಲಾ ಕೇಂದ್ರವಾದ ಕೊಪ್ಪಳದಲ್ಲಿ ಸೈಬರ್ ಅಪರಾಧಗಳ ಠಾಣೆಯೂ ಇದೆ. ಪರರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಇವೆಲ್ಲಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿದೆ: ಹುಡುಗನು ಬಾಯಿಬಿಟ್ಟು ಹೇಳಬೇಕು. “ಆಟ ಆಡಬೇಡ ಅಂತ ಹೇಳಿರಲಿಲ್ಲೇನು?” ಎಂಬ ಗದರಿಕೆ ಕಾದಿರುವ ಮನೆಯಲ್ಲಿ ಅವನು ಹೇಳುವುದಾದರೂ ಹೇಗೆ? ಗಾಳ ಕಚ್ಚಿದ ಮೀನಿಗೆ ಮಾತಿಲ್ಲ; ತನ್ನ ಸಂಕಟವನ್ನು ಅದು ಯಾರಿಗೂ ತಿಳಿಸಲಾರದು. ಮನೆಯ ಮಗನಿಗೆ ಮಾತಿದೆ. ಕೇಳುವ ಕಿವಿಯೊಂದು ಅದೇ ಮನೆಯಲ್ಲಿ ಇರಬೇಕು, ಅಷ್ಟೆ.