ಕೌಂಟರಿಗೂ ಕೊಂಚ ಬಿಡುವು ಬೇಕು

ಬ್ಯಾಂಕಿನ ಒಂದು ಕೌಂಟರಿನಲ್ಲಿ ಒಬ್ಬರ ಕೆಲಸ ಮುಗಿಯಲು ಸರಾಸರಿ 5 ನಿಮಿಷ ಹಿಡಿಯುತ್ತದೆ ಎನ್ನೋಣ. ಅಂದರೆ ಗಂಟೆಗೆ 12 ಮಂದಿಯ ಕೆಲಸ ಆಗುತ್ತದೆ. ಬರುವವರು ಗಂಟೆಗೆ ಸರಾಸರಿ 11 ಮಂದಿ. ಹಾಗಿದ್ದರೆ ಸಾಲೇ ಇರಬಾರದಲ್ಲ? ಗಣಿತ ಬೇರೆಯೇ ಹೇಳುತ್ತದೆ: ಅಲ್ಲಿ ಸರದಿ ಬರಲು ಸರಾಸರಿ 55 ನಿಮಿಷ ಕಾಯಬೇಕು!

ಇದಕ್ಕೆ ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಜನ ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಬರುವುದಿಲ್ಲ. ಹತ್ತು ನಿಮಿಷ ಯಾರೂ ಇಲ್ಲ, ಆಮೇಲೆ ಒಬ್ಬರ ಹಿಂದೊಬ್ಬರು ನಾಲ್ಕು ಮಂದಿ. ಒಬ್ಬರಿಗೆ ಪಾಸ್‌ಬುಕ್ ಎಂಟ್ರಿ ಆದರೆ ಸಾಕು, ಇನ್ನೊಬ್ಬರ ಚೆಕ್ಕಿನ ಸಹಿ ತಾಳೆಯಾಗುತ್ತಿಲ್ಲ. ಖಾಲಿ ಹೋದ ಹತ್ತು ನಿಮಿಷವನ್ನು ಕೂಡಿಟ್ಟು ರಶ್ಶಿನ ಹೊತ್ತಿಗೆ ಖರ್ಚು ಮಾಡಲಾಗದು.

ಈ ಏರುಪೇರನ್ನು ಲೆಕ್ಕಕ್ಕೆ ತಂದವರು ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅವರು, ಬರುವ ಕರೆಗಳಿಗೆ ಎಷ್ಟು ಲೈನುಗಳಿದ್ದರೆ ಸಾಕು ಎಂದು ಹುಡುಕಹೊರಟರು. 1909ರಲ್ಲಿ ಮೊದಲ ಪ್ರಬಂಧ ಬಂತು, 1917ರಲ್ಲಿ ಹೆಸರಾಂತ ಸೂತ್ರಗಳು.

ನಮ್ಮ ಕೌಂಟರಿಗೆ ಗಂಟೆಗೆ 9 ಮಂದಿ ಬಂದರೆ ಕಾಯುವುದು ಸರಾಸರಿ 15 ನಿಮಿಷ. 10 ಆದರೆ 25. ಇನ್ನೊಬ್ಬರು ಸೇರಿದರೆ ಒಮ್ಮೆಲೇ 55! ಬರುವವರ ಸರಾಸರಿ 12 ಮುಟ್ಟಿತೋ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಗುಮಾಸ್ತರು ಐದು ನಿಮಿಷ ಸುಮ್ಮನೆ ಕೂತರೆ ಸಂಬಳ ದಂಡವೆಂದು ಲೆಕ್ಕ ಹಾಕುವ ಆಡಳಿತಗಳು ಇದನ್ನು ಗಮನಿಸಬೇಕು. ದಿಢೀರನೆ ಬರುವ ಜನರನ್ನು ತಾಳಿಕೊಳ್ಳುವುದು ಆ ಬಿಡುವೇ.

ಹೊಸಬರನ್ನು ನೇಮಿಸದೆಯೂ ಮಾಡಬಹುದಾದ ಕೆಲಸವೊಂದಿದೆ. ಇಂಥ ಎರಡು ಕೌಂಟರುಗಳಿಗೆ ಎರಡು ಸಾಲು ಬೇಡ, ಒಂದೇ ಸಾಲು ಇರಲಿ. ಯಾವುದು ಖಾಲಿಯಾದರೂ ಮುಂದಿನವರು ಅಲ್ಲಿಗೆ ಹೋಗಲಿ. 55 ನಿಮಿಷದ ಕಾಯುವಿಕೆ ಸುಮಾರು 26ಕ್ಕೆ ಇಳಿಯುತ್ತದೆ. ಪಕ್ಕದ ಸಾಲೇ ಬೇಗ ಸಾಗುತ್ತಿದೆ ಎಂಬ ಸಂಕಟವೂ ಇಲ್ಲ, ತಡವಾಗಿ ಬಂದವರು ಮೊದಲು ಹೋದರೆಂಬ ಜಗಳವೂ ಇಲ್ಲ.

ಟೋಕನ್ ಯಂತ್ರ ಮಾಡುವುದೂ ಇದನ್ನೇ, ಜನರನ್ನು ನಿಲ್ಲಿಸದೆ. ಮಂಡಿನೋವಿನ ಹಿರಿಯರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಬೋರ್ಡಿನಲ್ಲಿ ನಂಬರು ಮಾತ್ರ ಮಿನುಗಿದರೆ ಸಾಲದು. ಎಷ್ಟು ಹೊತ್ತಾಗುತ್ತದೆಂದು ತಿಳಿಯದೆ ಕಾಯುವುದು ಹೆಚ್ಚು ದೀರ್ಘವೆನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1980ರ ದಶಕದಲ್ಲೇ ಬರೆದಿದ್ದರು. ‘ಸುಮಾರು 25 ನಿಮಿಷ’ ಎಂದು ಬೋರ್ಡು ಹೇಳಿದರೆ, ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ಬರಬಹುದೇ ಎಂದಾದರೂ ತೀರ್ಮಾನಿಸಬಹುದು.