ಗಾಯ ಮಾಗಿದ ಮೇಲಿನ ಅಂಜಿಕೆ

ಮೊಣಕಾಲಿನ ಎಲುಬುಗಳನ್ನು ಬಂಧಿಸುವ ತಂತುವನ್ನು ವೈದ್ಯರು ಲಿಗಮೆಂಟ್ ಎನ್ನುತ್ತಾರೆ. ವಿಶ್ವವಿದ್ಯಾಲಯದ ಆಟಗಾರನಿಗೆ ಅದು ಹರಿದರೆ ಶಸ್ತ್ರವೈದ್ಯನು ಹೊಸ ತಂತುವನ್ನು ಕೂಡಿಸಬಲ್ಲನು. ಆ ಕಾಲನ್ನು ನಂಬಿ ಮತ್ತೆ ಜಿಗಿಯುವ ಧೈರ್ಯವನ್ನು ಕೂಡಿಸಲಾರನು. ಅಂಜಿದವನ ಸ್ನಾಯುಗಳು ಬಿಗಿಯುತ್ತವೆ. ಗಮನವು ಚೆಂಡನ್ನು ಬಿಟ್ಟು ಮೊಣಕಾಲಿಗೆ ಇಳಿಯುತ್ತದೆ. ಮತ್ತೆ ಪೆಟ್ಟಾಗಲು ಇಷ್ಟು ಸಾಕು. ಮೂರು ನಾಲ್ಕು ವರ್ಷಗಳ ವಿದ್ಯಾರ್ಥಿದೆಸೆಯಲ್ಲಿ ಸುಮಾರು ಒಂಬತ್ತು ತಿಂಗಳನ್ನು ಆಗಲೇ ಕಳೆದುಕೊಂಡವನಿಗೆ ಇದು ಸಣ್ಣ ಹಾನಿಯಲ್ಲ.

1991ರಲ್ಲಿ ಕೆನಡಾದ ಐವ್ಲೆವಾ ಮತ್ತು ಆರ್ಲಿಕ್ ಎಂಬ ವಿದ್ವಾಂಸರು ಮೊಣಕಾಲು ಅಥವಾ ಪಾದದ ಕೀಲಿಗೆ ಪೆಟ್ಟಾಗಿದ್ದ 32 ಜನರ ವಿಚಾರವನ್ನು ಪ್ರಕಟಿಸಿದರು. ಬೇಗ ಗುಣಹೊಂದಿದವರಲ್ಲಿ ಗುರಿಯನ್ನಿಟ್ಟುಕೊಳ್ಳುವುದೂ ತಮಗೆ ತಾವೇ ಭರವಸೆ ಹೇಳಿಕೊಳ್ಳುವುದೂ ಹೆಚ್ಚಾಗಿ ಕಂಡಿತ್ತು. ಆದರೆ ಮನೋಬಲದಿಂದ ಗುಣವಾಯಿತೋ, ಗುಣವಾದುದರಿಂದ ಮನೋಬಲ ಬಂದಿತೋ? ಈ ಶಂಕೆ ನ್ಯಾಯವಾದುದೇ. 2001ರಲ್ಲಿ ಪ್ರಕಟವಾದ ಕ್ಯೂಪಲ್ ಮತ್ತು ಬ್ರೂವರ್ ಅವರ ಪ್ರಯೋಗದಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾದ 30 ಜನರನ್ನು ಮೂರು ಗುಂಪಾಗಿ ವಿಂಗಡಿಸಲಾಯಿತು. ಅಂಗಸಾಧನೆಯ ಚಿಕಿತ್ಸೆ ಎಲ್ಲರಿಗೂ ನಡೆಯಿತು. ಅದಿಲ್ಲದೆ ಮನಸ್ಸೊಂದೇ ಕಾಲನ್ನು ನಿಲ್ಲಿಸದು. ಒಂದು ಗುಂಪಿಗೆ ಮಾತ್ರ 10 ಸಲ ಮೈಯನ್ನು ಸಡಿಲಬಿಟ್ಟು ಕೀಲು ಮಾಗುವುದನ್ನು ಮನಸ್ಸಿನಲ್ಲೇ ಕಾಣುವ ಅಭ್ಯಾಸವನ್ನು ಮಾಡಿಸಿದರು. 24 ವಾರಗಳ ತರುವಾಯ ಆ ಗುಂಪಿನವರ ಮೊಣಕಾಲಿನ ಬಲ ಹೆಚ್ಚಾಗಿತ್ತು. ನೋವೂ ಮರುಪೆಟ್ಟಿನ ಅಂಜಿಕೆಯೂ ಉಳಿದವರಿಗಿಂತ ಕಡಿಮೆಯಾಗಿದ್ದವು.